ಹೊಸ ಬ್ಯಾಟರಿ ಹಾಕಿದರೂ ಎಟಿವಿಯ ಸೆಲ್ಫ್ ಎಳೆಯುತ್ತಿಲ್ಲ, ಏನು ಮಾಡೋದು?

ಪ್ರಶ್ನೆ: ನಾವು ಧಾರವಾಡ ಕಡೆಯವರು. ಗೋವಾದ ಫೋಂಡಾ ಹತ್ತಿರ ಒಂದು ತೋಟ ಲೀಸ್‌ಗೆ ಹಿಡಿದು ಹೋಮ್‌ಸ್ಟೇ ನಡೆಸುತ್ತಿದ್ದೇವೆ. ಬಂದವರು ತೋಟದೊಳಗೆ ಓಡಿಸಲಿ ಅಂತ 110 ಸಿಸಿಯ ಒಂದು ಚೈನಾ ಎಟಿವಿ (ದಪ್ಪ ಟೈರಿನ ನಾಲ್ಕು ಚಕ್ರದ ಬೈಕು) ಇಟ್ಟಿದ್ದೇವೆ. ಮಳೆಗಾಲ ಪೂರ್ತಿ ಶೆಡ್‌ನಲ್ಲೇ ನಿಂತಿತ್ತು. ಈಗ ಸೆಲ್ಫ್ ಒತ್ತಿದರೆ ‘ಟಕ್’ ಅನ್ನುತ್ತದೆ, ಅಷ್ಟೇ. ಒಮ್ಮೊಮ್ಮೆ ಇಂಜಿನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತದೆ. ಹೆಡ್‌ಲೈಟ್ ಮಾತ್ರ ಚೆನ್ನಾಗಿ ಉರಿಯುತ್ತದೆ. ಹೊಸ ಬ್ಯಾಟರಿ ಹಾಕಿಸಿದರೂ ಹಾಗೇ ಇದೆ. ಗಾಡಿಗೆ ಕಿಕ್ ಇಲ್ಲ. ಸೆಲ್ಫ್ ಮೋಟರ್ ಹೋಗಿದೆ, ಹೊಸದು ತರಿಸಿ ಅಂತ ಇಲ್ಲಿನ ಮೆಕ್ಯಾನಿಕ್ ಹೇಳುತ್ತಿದ್ದಾರೆ. ತರಿಸೋದಾ?

ಉತ್ತರ: ಈಗಲೇ ತರಿಸಬೇಡಿ. ಮೋಟರ್ ಹಾಳಾಗಿರಲೂಬಹುದು, ಇಲ್ಲ ಅನ್ನುತ್ತಿಲ್ಲ. ಆದರೆ ನೀವು ಬರೆದಷ್ಟನ್ನೇ ನೋಡಿ ತಪ್ಪೆಲ್ಲ ಮೋಟರ್‌ದೇ ಅಂತ ಹೇಳೋಕೆ ಬರುವುದಿಲ್ಲ. ಅರ್ಥ್ ವೈರ್‌ಗೆ, ಅಂದರೆ ಬ್ಯಾಟರಿಯ ಮೈನಸ್ ವೈರ್‌ಗೆ, ಕಿಲುಬು ಹಿಡಿದರೂ ಹೀಗೇ ಆಗುತ್ತದೆ. ಬಟನ್ ಒತ್ತಿದಾಗ ಮೋಟರ್‌ಗೆ ಕರೆಂಟ್ ಬಿಡುವ ರಿಲೇ ಒಳಗೆ ಸುಟ್ಟಿದ್ದರೂ ಹೀಗೇ. ಸಿಲಿಂಡರ್‌ಗೆ ಪೆಟ್ರೋಲ್ ಇಳಿದಿದ್ದರೂ ಹೀಗೇ. ಬ್ಯಾಟರಿ ಆಯ್ತು, ಇನ್ನು ಮೋಟರ್, ಆಮೇಲೆ ರಿಲೇ ಅಂತ ಒಂದೊಂದೇ ಬದಲಿಸುತ್ತಾ ಹೋದರೆ ದುಡ್ಡು ಕರಗುತ್ತದೆ, ಸೀಸನ್ನೂ ಕೈತಪ್ಪುತ್ತದೆ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಒಂದು ಸಾಧಾರಣ ಮಲ್ಟಿಮೀಟರ್ ಸಾಕು, ತೊಂದರೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಒಂದೇ ಷರತ್ತು: ಸೆಲ್ಫ್ ಬಟನ್ ಒತ್ತಿ ಹಿಡಿದಿರುವಾಗಲೇ ಅಳೆಯಬೇಕು. ಗಾಡಿ ಸುಮ್ನೆ ನಿಂತಿದ್ದಾಗ ತೆಗೆದ ರೀಡಿಂಗ್ ಈ ಕೆಲಸಕ್ಕೆ ಬರುವುದಿಲ್ಲ.

ಮೀಟರ್ ಹಿಡಿಯೋ ಮೊದಲು ಇನ್ನೊಂದು ವಿಷಯ ನೋಡಬೇಕು. ಇಂಜಿನ್ ತಿರುಗೋ ಸ್ಥಿತಿಯಲ್ಲಿ ಇದೆಯಾ? ನಾಲ್ಕು ತಿಂಗಳು ನಿಂತ ಗಾಡಿ, ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ ಅಂದರೆ ನನಗೆ ಮೊದಲು ಬರುವ ಅನುಮಾನ ಕಾರ್ಬೊರೇಟರ್ ಮೇಲೆ. ಅದರೊಳಗಿನ ಫ್ಲೋಟ್ ಸೂಜಿ ಅಂಟಿಕೊಂಡರೆ ಪೆಟ್ರೋಲ್ ನಿಲ್ಲದೆ ಇಳಿಯುತ್ತಾ ಇರುತ್ತದೆ. ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ ಬಂದ್ ಮಾಡದೆ ಬಿಟ್ಟಿದ್ದರಂತೂ ಟ್ಯಾಂಕ್‌ನಿಂದ ನೇರ ಸಿಲಿಂಡರ್‌ಗೆ ಹೋಗುತ್ತದೆ, ಅಲ್ಲಿಂದ ಇಂಜಿನ್ ಆಯಿಲ್‌ಗೆ ಸೇರುತ್ತದೆ. ಗಾಳಿಯನ್ನು ಒತ್ತಿ ಚಿಕ್ಕದು ಮಾಡಬಹುದು, ಪೆಟ್ರೋಲನ್ನು ಆಗುವುದಿಲ್ಲ. ಪಿಸ್ಟನ್ ಮೇಲೆ ಬರುತ್ತಾ ಬರುತ್ತಾ ಗಕ್ಕನೆ ನಿಲ್ಲುತ್ತದೆ. ಇಂಥ ಹೊತ್ತಲ್ಲಿ ದೊಡ್ಡ ಬ್ಯಾಟರಿ ಕಟ್ಟಿ ಬಲವಂತವಾಗಿ ತಿರುಗಿಸೋಕೆ ಹೋದರೆ ಇಂಜಿನ್‌ಗೇ ಏಟು.

ಹಾಗಾಗಿ ಮೊದಲು ಆಯಿಲ್ ಕಡ್ಡಿ ತೆಗೆದು ನೋಡಿ, ಮೂಸಿ. ಮಟ್ಟ ಮೇಲಿನ ಗೆರೆ ದಾಟಿದೆಯಾ, ಪೆಟ್ರೋಲ್ ವಾಸನೆ ಇದೆಯಾ, ಆಯಿಲ್ ನೀರಿನ ಹಾಗೆ ತೆಳ್ಳಗಾಗಿದೆಯಾ? ಆಗಿದ್ದರೆ ಆ ಆಯಿಲ್‌ನಲ್ಲಿ ಇಂಜಿನ್ ಓಡಿಸಲೇಬೇಡಿ. ಕಾರ್ಬೊರೇಟರ್ ಬಿಚ್ಚಿ ಸೂಜಿ ಸರಿಮಾಡಿಸಿ, ಆಮೇಲೆ ಆಯಿಲ್ ಬದಲಿಸಿ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ಸೇರಿದ್ದು ಪೆಟ್ರೋಲ್ ಅಲ್ಲ, ನೀರು. ಆಗಲೂ ಬದಲಿಸಬೇಕು, ನೀರು ಎಲ್ಲಿಂದ ಬಂತು ಅಂತ ಹುಡುಕಬೇಕು. ಶೆಡ್ ಸೋರುತ್ತಿದ್ದರೆ ಏರ್ ಫಿಲ್ಟರ್ ಡಬ್ಬಿಯಿಂದ ಶುರು ಮಾಡಿ.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಡಿ. ಪ್ಲಗ್‌ಗೆ ಕಿಡಿ ಕೊಡುವ ಸಿಡಿಐ ಡಬ್ಬಿಯ ಕನೆಕ್ಟರ್ ಕಿತ್ತಿಡಿ. ಇದನ್ನು ಮರೆಯಬೇಡಿ. ಪ್ಲಗ್ ತೂತಿನಿಂದ ಪೆಟ್ರೋಲ್ ಚಿಮ್ಮುವಾಗ ಪಕ್ಕದಲ್ಲೇ ಕಿಡಿ ಹಾರಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ಮುಖವನ್ನು ತೂತಿನ ನೇರಕ್ಕೆ ತರಬೇಡಿ, ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ. ಈಗ ಒಂದೆರಡು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಪೆಟ್ರೋಲ್ ಅಥವಾ ನೀರು ಚಿಮ್ಮಿದರೆ ಕಾರಣ ಸಿಕ್ಕಿತು. ಏನೂ ಬರದೆ ಇಂಜಿನ್ ಸಲೀಸಾಗಿ ತಿರುಗಿದರೆ ಒಳಗೆ ಹಿಡಿದಿಲ್ಲ ಅಂತ ಆಯ್ತು. ಪ್ಲಗ್ ಇದ್ದಾಗ ಕಂಪ್ರೆಶನ್‌ಗೆ (ಸಿಲಿಂಡರ್‌ನಲ್ಲಿ ಒತ್ತಿಕೊಂಡ ಗಾಳಿಗೆ) ಎದುರಾಗಿ ತಳ್ಳುವಷ್ಟು ಬಲ ಮೋಟರ್‌ಗೆ ಸಿಗುತ್ತಿಲ್ಲ ಅಂತ ಅರ್ಥ. ಪ್ಲಗ್ ತೆಗೆದರೂ ಅಲ್ಲಾಡದಿದ್ದರೆ ಇಂಜಿನ್ ಪಕ್ಕದ ಮ್ಯಾಗ್ನೆಟ್ ಕವರ್ ತೆಗೆದು, ಅದರ ನಟ್‌ಗೆ ಸ್ಪ್ಯಾನರ್ ಹಾಕಿ, ಇಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಜೋರು ಮಾಡಬೇಡಿ. ತೇವಕ್ಕೆ ಪಿಸ್ಟನ್ ರಿಂಗ್‌ಗಳು ಸಿಲಿಂಡರ್‌ಗೆ ತುಕ್ಕು ಹಿಡಿದು ಕಚ್ಚಿಕೊಂಡಿರಬಹುದು. ಪ್ಲಗ್ ತೂತಿನಿಂದ ಎರಡು ಚಮಚ ಇಂಜಿನ್ ಆಯಿಲ್ ಬಿಟ್ಟು, ರಾತ್ರಿ ಹಾಗೇ ಇಟ್ಟು, ಬೆಳಗ್ಗೆ ಮತ್ತೆ ನೋಡಿ.

ಇಂಜಿನ್ ಸಲೀಸಾಗಿ ತಿರುಗಿತು ಅಂದುಕೊಳ್ಳೋಣ. ಈಗ ಕರೆಂಟ್ ಕಡೆ ಬನ್ನಿ.

ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತದೆ ಅಂದಿರಿ. ಇದೇ ಮಾತು ತುಂಬ ಜನರನ್ನು ದಾರಿ ತಪ್ಪಿಸೋದು. ಒಂದು ಲೆಕ್ಕ ಹಾಕೋಣ. 35 ವ್ಯಾಟ್ ಬಲ್ಬ್ ಉರಿಯೋಕೆ 12 ವೋಲ್ಟ್‌ನಲ್ಲಿ ಹೆಚ್ಚುಕಡಿಮೆ 3 ಆಂಪಿಯರ್ ಸಾಕು. ಸೆಲ್ಫ್ ಮೋಟರ್‌ಗೆ ಹತ್ತಾರು ಆಂಪಿಯರ್ ಬೇಕು, ಲೆಕ್ಕಕ್ಕೆ 50 ಅನ್ನಿ. ಕೇಬಲ್‌ನ ಒಂದು ಜಾಯಿಂಟ್‌ನಲ್ಲಿ ಕಿಲುಬು ಹಿಡಿದು 0.05 ಓಮ್ ತಡೆ ಬಂದಿದೆ ಅಂತ ಇಟ್ಟುಕೊಳ್ಳಿ. ಮೀಟರ್‌ನ ಓಮ್ ರೇಂಜ್‌ನಲ್ಲಿ ಹಿಡಿದರೆ ಕಾಣದಷ್ಟು ಚಿಕ್ಕ ತಡೆ ಅದು. 3 ಆಂಪಿಯರ್ ಹರಿದಾಗ ಅಲ್ಲಿ ಕಳೆದುಹೋಗೋದು 0.15 ವೋಲ್ಟ್. ಬಲ್ಬ್‌ಗೆ ಅದು ಲೆಕ್ಕಕ್ಕೇ ಇಲ್ಲ. ಅದೇ ಜಾಯಿಂಟ್‌ನಲ್ಲಿ 50 ಆಂಪಿಯರ್ ಹರಿಯೋಕೆ ಹೋದರೆ 2.5 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಮೋಟರ್‌ಗೆ ಉಳಿಯೋದು ಏಳೆಂಟು ವೋಲ್ಟ್. ಅರ್ಧ ಸುತ್ತು ತಿರುಗಿ ಕಂಪ್ರೆಶನ್ ಎದುರಾದಾಗ ಅದು ಸೋಲುತ್ತದೆ. ಲೈಟ್ ಸರಿ, ಹಾರ್ನ್ ಸರಿ, ಸೆಲ್ಫ್ ಮಾತ್ರ ಇಲ್ಲ ಅನ್ನೋದಕ್ಕೆ ಕಾರಣ ಇದು. ಓಮ್ ರೇಂಜ್ ಬಿಟ್ಟು ವೋಲ್ಟ್ ರೇಂಜ್‌ನಲ್ಲಿ, ಬಟನ್ ಒತ್ತಿ ಅಳೆಯಿರಿ ಅನ್ನೋದೂ ಇದಕ್ಕೇ.

ಬ್ಯಾಟರಿ ಹೊಸದು ಅಂದಿರಿ ಅಲ್ವಾ, ಅದನ್ನೂ ನಂಬಿ ಕೂರಬೇಡಿ. ಆ್ಯಸಿಡ್ ತುಂಬಿ ಅಂಗಡಿಯವರು ಹಾಗೇ ಕೈಗೆ ಕೊಟ್ಟ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವುದಿಲ್ಲ. ಮೊದಲ ಚಾರ್ಜ್ ನಿಧಾನಕ್ಕೆ, ಪೂರ್ತಿ ಆಗಬೇಕು. ನಿಮ್ಮ ಗಾಡಿಯ ಬ್ಯಾಟರಿ 5 ಆಂಪಿಯರ್-ಗಂಟೆಯದಾದರೆ ಅರ್ಧ ಆಂಪಿಯರ್ ಕರೆಂಟ್‌ನಲ್ಲಿ ಚಾರ್ಜ್ ಮಾಡಬೇಕು. ಕಾರಿನ ದೊಡ್ಡ ಚಾರ್ಜರ್‌ಗೆ ಕೊಟ್ಟು ಒಂದು ಗಂಟೆಯಲ್ಲಿ ತುಂಬಿಸಿಕೊಂಡರೆ ಅದರ ಆಯಸ್ಸು ಅಲ್ಲೇ ಅರ್ಧ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆದಾಗ 12.6 ಅಥವಾ ಅದಕ್ಕಿಂತ ಮೇಲೆ ಇರಬೇಕು. 12.4 ಇದ್ದರೆ ಕೆಲಸ ನಡೆದೀತು. 12 ಅಂದರೆ ಬ್ಯಾಟರಿ ಬಹುತೇಕ ಖಾಲಿ. ಬಲ್ಬ್ ಆಗಲೂ ಉರಿಯುತ್ತದೆ, ನೆನಪಿರಲಿ.

ಈಗ ಅಳತೆ. ಪ್ಲಗ್ ವಾಪಸ್ ಹಾಕಿ, ಕ್ಯಾಪ್ ಕೂರಿಸಿ. ಸಿಡಿಐ ಕನೆಕ್ಟರ್ ಮಾತ್ರ ಇನ್ನೂ ಬಿಚ್ಚಿಯೇ ಇರಲಿ, ನಡುವೆ ಇಂಜಿನ್ ಹತ್ತಿಕೊಳ್ಳಬಾರದು. ಜೊತೆಗೆ ಒಬ್ಬರು ಬೇಕು. ಅವರು ಬ್ರೇಕ್ ಹಿಡಿದು ಬಟನ್ ಒತ್ತಲಿ, ನೀವು ಮೀಟರ್ ನೋಡಿ. ಒಂದು ಸಲಕ್ಕೆ ಮೂರ್ನಾಲ್ಕು ಸೆಕೆಂಡ್ ಸಾಕು, ನಡುವೆ ಅರ್ಧ ನಿಮಿಷ ಬಿಡಿ. ಇಲ್ಲದಿದ್ದರೆ ಆ ಚಿಕ್ಕ ಮೋಟರ್ ಸುಡುತ್ತದೆ.

ಮೀಟರ್ ಅನ್ನು 20 ವೋಲ್ಟ್ ಡಿಸಿಗೆ ಇಡಿ. ಕಡ್ಡಿಗಳನ್ನು ಬ್ಯಾಟರಿಯ ಎರಡು ಕಂಬಕ್ಕೇ ಒತ್ತಿ. ಮೇಲಿನ ಬೋಲ್ಟ್‌ಗೂ ಅಲ್ಲ, ವೈರ್ ತುದಿಯ ಲೋಹದ ಥಿಂಬಲ್‌ಗೂ ಅಲ್ಲ, ಸೀಸದ ಕಂಬಕ್ಕೆ. ಬಟನ್ ಒತ್ತಿದಾಗ 10ರ ಮೇಲೆ ನಿಂತು ಇಂಜಿನ್ ಚುರುಕಾಗಿ ತಿರುಗಿದರೆ ಎಲ್ಲ ಸರಿ ಇದೆ. 9ಕ್ಕೋ ಅದಕ್ಕಿಂತ ಕೆಳಕ್ಕೋ ಕುಸಿದರೆ ಬ್ಯಾಟರಿಯಲ್ಲಿ ದಮ್ಮಿಲ್ಲ, ಇಲ್ಲವೇ ಮೋಟರ್ ಬೇಕಾದ್ದಕ್ಕಿಂತ ಜಾಸ್ತಿ ಎಳೆಯುತ್ತಿದೆ. ಬಟನ್ ಒತ್ತಿದರೂ 12ರ ಮೇಲೇ ಅಲ್ಲಾಡದೆ ನಿಂತರೆ ಬ್ಯಾಟರಿಯಿಂದ ಕರೆಂಟ್ ಹೊರಗೇ ಹೋಗುತ್ತಿಲ್ಲ. ದಾರಿಯಲ್ಲಿ ಎಲ್ಲೋ ಕಟ್ ಆಗಿದೆ.

ನಿಮ್ಮ ಗಾಡಿ ಒಂದೇ ಸಲ ‘ಟಕ್’ ಅನ್ನುತ್ತದೆ, ಲೈಟ್ ಚೆನ್ನಾಗಿದೆ. ಬಟನ್ ಒತ್ತಿದಾಗಲೂ ಲೈಟ್ ಮಂಕಾಗದಿದ್ದರೆ ನನ್ನ ಊಹೆ ಈ ಕೊನೇದರ ಕಡೆಗೆ ವಾಲುತ್ತದೆ. ಬ್ಯಾಟರಿ ಇಳಿದಿದ್ದರೆ ಸಾಮಾನ್ಯವಾಗಿ ರಿಲೇ ‘ಟರ್‌ರ್‌ರ್’ ಅಂತ ಬಡಿದುಕೊಳ್ಳುತ್ತದೆ. ಹಿಡಿಯುತ್ತದೆ, ವೋಲ್ಟೇಜ್ ಬೀಳುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಲೈಟೂ ಜೊತೆಗೇ ಮಿಣುಕುತ್ತದೆ.

ಮುಂದಿನ ಎರಡು ರೀಡಿಂಗ್ ತೊಂದರೆ ಯಾವ ಕಡೆ ಅಂತ ಹೇಳುತ್ತವೆ. ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟರ್ ಮೇಲಿನ ದಪ್ಪ ವೈರ್ ಕೂರುವ ಬೋಲ್ಟ್‌ಗೆ. ಬಟನ್ ಒತ್ತಿ ಹಿಡಿದಾಗ ಅರ್ಧ ವೋಲ್ಟ್ ಒಳಗೆ ಇರಬೇಕು. ಬಟನ್ ಬಿಟ್ಟಾಗ 12 ತೋರಿಸುತ್ತದೆ, ಅದಕ್ಕೆ ಗಾಬರಿ ಬೇಡ, ಲೆಕ್ಕ ಒತ್ತಿದಾಗಿನದು. ಎರಡನೆಯದು ಬ್ಯಾಟರಿಯ ಮೈನಸ್ ಕಂಬದಿಂದ ಮೋಟರ್‌ನ ಮೈಗೆ. ಪೇಂಟ್ ಇಲ್ಲದ ಜಾಗಕ್ಕೆ ಕಡ್ಡಿ ಒತ್ತಿ. ಇಲ್ಲಿ 0.2, 0.3 ವೋಲ್ಟ್‌ಗಿಂತ ಜಾಸ್ತಿ ಬರಬಾರದು. ಯಾವ ಕಡೆ ಜಾಸ್ತಿ ಬಂತೋ ಕಳ್ಳ ಆ ಕಡೆ ಇದ್ದಾನೆ. ಆ ಕಡೆಯ ಒಂದೊಂದೇ ಜಾಯಿಂಟ್ ಆಚೆ ಈಚೆ ಕಡ್ಡಿ ಇಟ್ಟು ಬಂದರೆ ಸಿಕ್ಕಿಬೀಳುತ್ತಾನೆ.

ಗೋವಾದಲ್ಲಿ ನಾನು ಮೊದಲು ಅನುಮಾನ ಪಡೋದು ಅರ್ಥ್ ಕಡೆಯನ್ನೇ. ವಾಸ್ಕೋದ ನಮ್ಮ ಗ್ಯಾರೇಜಿಗೆ ಕಡಲಿನ ಕಡೆಯಿಂದ ಬಂದ ಒಂದು ಗಾಡಿ ನೆನಪಿದೆ. ಮೇಲ್ನೋಟಕ್ಕೆ ಅರ್ಥ್ ಕೇಬಲ್ ಹೊಸದರ ಹಾಗಿತ್ತು, ಬೋಲ್ಟ್ ಬಿಗಿಯಾಗಿತ್ತು. ಮೀಟರ್ ಮಾತ್ರ ಆ ಒಂದು ಕೇಬಲ್‌ನಲ್ಲೇ ಮೂರು ವೋಲ್ಟ್ ಹತ್ತಿರ ಬೀಳುತ್ತಿದೆ ಅಂತ ತೋರಿಸಿತು. ಥಿಂಬಲ್ ಮೇಲಿನ ಕಪ್ಪು ರಬ್ಬರ್ ಹಿಂದಕ್ಕೆ ಸರಿಸಿದೆ. ವೈರ್‌ನ ಎಳೆಗಳು ಹಸಿರು ಪುಡಿಯಾಗಿ ಬೆರಳಿಗೆ ಉದುರಿದವು. ಒಳಗೆ ನಾಲ್ಕೈದು ಎಳೆ ಮಾತ್ರ ಗಟ್ಟಿ ಇದ್ದವು. ಬಲ್ಬ್ ಉರಿಯೋಕೆ ಅಷ್ಟು ಸಾಕಲ್ವಾ! ಆ ಗಾಡಿಗೆ ಅಷ್ಟರಲ್ಲೇ ಬೇರೆ ಕಡೆ ಮೋಟರ್ ಬದಲಾಗಿತ್ತು.

ಫೋಂಡಾ ಕಡಲಿಗೆ ಅಂಟಿಕೊಂಡಿಲ್ಲ ನಿಜ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಇದಕ್ಕೆ ಧಾರಾಳ ಸಾಕು. ಈ ಗಾಡಿಗಳಲ್ಲಿ ಇನ್ನೊಂದು ಸಮಸ್ಯೆ ಇದೆ. ಮೈನಸ್ ಕೇಬಲ್ ಅನೇಕ ಸಲ ಫ್ರೇಮ್‌ಗೆ ಬೋಲ್ಟ್ ಆಗಿರುತ್ತದೆ. ಫ್ರೇಮ್‌ಗೆ ದಪ್ಪ ಪೇಂಟ್, ಅಲ್ಲಿಂದ ಇಂಜಿನ್‌ಗೆ ಹೋಗೋಕೆ ಇಂಜಿನ್ ಬೋಲ್ಟ್‌ಗಳೇ ದಾರಿ. ಅವಕ್ಕೆ ತುಕ್ಕು ಹಿಡಿದರೆ ಮುಗೀತು. ಹಾಗಾಗಿ ಬ್ಯಾಟರಿ ಮೈನಸ್‌ನಿಂದ ನೇರ ಇಂಜಿನ್ ಮೈಗೆ, ಸಾಧ್ಯವಾದರೆ ಮೋಟರ್ ಕೂರುವ ಬೋಲ್ಟ್‌ಗೇ, ಒಂದು ಹೆಚ್ಚುವರಿ ಕೇಬಲ್ ಹಾಕಿಬಿಡಿ. 10 ಚದರ ಮಿ.ಮೀ. ತಾಮ್ರದ ವೈರ್ ಇರಲಿ. ಅಗ್ಗಕ್ಕೆ ಸಿಗುವ ಕೆಲವು ಕೇಬಲ್‌ಗಳಲ್ಲಿ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಚಾಕುವಿನಿಂದ ಒಂದು ಎಳೆ ಕೆರೆದು ನೋಡಿ, ಬೆಳ್ಳಗೆ ಕಂಡರೆ ಬೇಡ. ಬೋಲ್ಟ್ ಕೂರುವ ಜಾಗವನ್ನು ಎಮರಿ ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಮೊದಲು ಬಿಗಿ, ಆಮೇಲೆ ಜೆಲ್ಲಿ.

ತೊಂದರೆ ಪ್ಲಸ್ ಕಡೆ ಅಂತ ಬಂದರೆ ರಿಲೇಯ ಎರಡು ದಪ್ಪ ಬೋಲ್ಟ್‌ಗಳ ನಡುವೆ ಮೀಟರ್ ಹಿಡಿಯಿರಿ. ‘ಟಕ್’ ಅಂದಾಗ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಬೇಕು. ಸದ್ದು ಬಂದರೂ 12 ಹಾಗೇ ನಿಂತಿದ್ದರೆ ಒಳಗಿನ ತಾಮ್ರದ ತಟ್ಟೆ ಸುಟ್ಟಿದೆ, ರಿಲೇ ಬದಲಿಸಿ. ಅದು ಮೋಟರ್‌ಗಿಂತ ತುಂಬ ಅಗ್ಗ. ಅನೇಕರು ಸ್ಕ್ರೂಡ್ರೈವರ್ ಅಡ್ಡ ಇಟ್ಟು ಎರಡು ಬೋಲ್ಟ್ ಸೇರಿಸಿ ನೋಡುತ್ತಾರೆ. ನನಗದು ಇಷ್ಟವಿಲ್ಲ. ದೊಡ್ಡ ಕಿಡಿ ಹಾರುತ್ತದೆ, ಪಕ್ಕದಲ್ಲಿ ಬ್ಯಾಟರಿ ಗ್ಯಾಸ್ ಇರುತ್ತದೆ, ಪೆಟ್ರೋಲ್ ಪೈಪ್ ಇರುತ್ತದೆ. ಮೇಲಾಗಿ ಬ್ರೇಕ್, ನ್ಯೂಟ್ರಲ್ ಯಾವ ಸ್ವಿಚ್ಚನ್ನೂ ಕೇಳದೆ ಇಂಜಿನ್ ತಿರುಗುತ್ತದೆ. ಗೇರ್‌ನಲ್ಲಿದ್ದರೆ ಗಾಡಿ ಎದುರಿಗಿದ್ದವರ ಮೇಲೇ ನುಗ್ಗಬಹುದು. ಮೀಟರ್ ಅದೇ ಉತ್ತರವನ್ನು ಅಪಾಯ ಇಲ್ಲದೆ ಕೊಡುತ್ತದೆ.

ಎರಡೂ ಕಡೆ ಸರಿಯಿದ್ದು, ಮೋಟರ್ ಬೋಲ್ಟ್‌ಗೂ ಮೋಟರ್ ಮೈಗೂ ನಡುವೆ 10, 11 ವೋಲ್ಟ್ ಬರುತ್ತಿದ್ದು, ಮೋಟರ್ ತಿರುಗದಿದ್ದರೆ ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಆಗಲೂ ಹೊಸದು ತರೋ ಮೊದಲು ಬಿಚ್ಚಿಸಿ ನೋಡಿ. ಉದ್ದದ ಎರಡು ಸ್ಕ್ರೂ, ಅಷ್ಟೇ. ಬಿಚ್ಚುವ ಮುಂಚೆ ಮುಚ್ಚಳ ಮತ್ತು ಮೈ ಸೇರುವಲ್ಲಿ ಒಂದು ಗೆರೆ ಎಳೆದಿಡಿ. ತೆಳು ವಾಷರ್‌ಗಳು ಯಾವ ಕಡೆ ಎಷ್ಟಿದ್ದವು ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಒಳಗೆ ಕಾರ್ಬನ್ ಬ್ರಷ್ ಸವೆದಿರುತ್ತದೆ, ಇಲ್ಲವೇ ತೇವಕ್ಕೆ ಕಾರ್ಬನ್ ಪುಡಿ ಕೆಸರಾಗಿ ಬ್ರಷ್ ತನ್ನ ಗೂಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮಳೆಗಾಲ ನಿಂತ ಗಾಡಿಯಲ್ಲಿ ಇದು ಮಾಮೂಲು. ಕ್ಲೀನ್ ಮಾಡಿ, ಬ್ರಷ್ ಹಾಕಿದರೆ ಎಷ್ಟೋ ಮೋಟರ್‌ಗಳು ಮತ್ತೆ ಕೆಲಸ ಮಾಡುತ್ತವೆ. ಮೋಟರ್‌ಗೆ ಸುತ್ತಿಗೆಯಿಂದ ತಟ್ಟಿ ಸ್ಟಾರ್ಟ್ ಮಾಡುವ ಅಭ್ಯಾಸ ಬೇಡ. ಒಳಗೆ ಮೈಗೆ ಅಂಟಿಸಿದ ಮ್ಯಾಗ್ನೆಟ್‌ಗಳು ಪಿಂಗಾಣಿಯಷ್ಟೇ ಬೇಗ ಒಡೆಯುತ್ತವೆ. ಒಡೆದ ಮೇಲೆ ನಿಜಕ್ಕೂ ಹೊಸ ಮೋಟರೇ ಗತಿ.

ಬೇರೆ ಬ್ಯಾಟರಿ ಕಟ್ಟಿ ಪರೀಕ್ಷೆ ಮಾಡಬೇಕು ಅಂದರೆ ಕಾರಿನ 12 ವೋಲ್ಟ್ ಬ್ಯಾಟರಿ ಆಗುತ್ತದೆ, ಆದರೆ ಕಾರಿನ ಇಂಜಿನ್ ಬಂದ್ ಇರಲಿ. ಕೊನೆಯ ಮೈನಸ್ ಕ್ಲಿಪ್ ಅನ್ನು ಬ್ಯಾಟರಿಗೆ ಕೊಡಬೇಡಿ, ದೂರದಲ್ಲಿ ಇಂಜಿನ್ ಮೈಗೆ ಹಚ್ಚಿ. ತಳ್ಳಿ ಸ್ಟಾರ್ಟ್ ಮಾಡೋ ಯೋಚನೆ ಇದ್ದರೆ, ಮುಂದೆ-ಹಿಂದೆ ಮಾತ್ರ ಇರುವ ಆಟೋಮ್ಯಾಟಿಕ್ ಗೇರ್‌ನ ಗಾಡಿಯಲ್ಲಿ ಅದು ಆಗುವುದಿಲ್ಲ. ಇಂಜಿನ್ ವೇಗ ಬಂದ ಮೇಲೇ ಅದರ ಕ್ಲಚ್ ಹಿಡಿಯೋದು, ಚಕ್ರ ಎಷ್ಟು ಉರುಳಿದರೂ ಇಂಜಿನ್ ತಿರುಗುವುದಿಲ್ಲ.

ಇದೇ ಗಾಡಿ ಮುಂದೆ ಬೇರೆ ಥರ ಕೈಕೊಟ್ಟರೆ ಗೊತ್ತಿರಲಿ. ಮೋಟರ್ ಗಿರ್ ಅಂತ ಓಡುತ್ತದೆ, ಇಂಜಿನ್ ತಿರುಗುವುದಿಲ್ಲ ಅಂದರೆ ಮೋಟರ್‌ನ ತಿರುಗಾಟವನ್ನು ಇಂಜಿನ್‌ಗೆ ಮುಟ್ಟಿಸುವ ಒನ್‌ವೇ ಕ್ಲಚ್ ಜಾರುತ್ತಿದೆ. ಇಂಜಿನ್ ಸರಾಗವಾಗಿ, ತಡೆಯೇ ಇಲ್ಲದ ಹಾಗೆ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ ಅಂದರೆ ವಾಲ್ವ್ ಒತ್ತುವ ಟ್ಯಾಪೆಟ್ ಬಿಗಿಯಾಗಿ ಕಂಪ್ರೆಶನ್ ಸೋರುತ್ತಿರಬಹುದು. ಈ ಜಾತಿಯ 110 ಸಿಸಿ ಇಂಜಿನ್‌ಗಳಿಗೆ ಸಾಮಾನ್ಯವಾಗಿ ಇಂಜಿನ್ ತಣ್ಣಗಿದ್ದಾಗ 0.05 ಮಿ.ಮೀ. ಗ್ಯಾಪ್. ಒಂದು ಸದ್ದೂ ಇಲ್ಲ ಅಂದರೆ ಫ್ಯೂಸ್, ಕಿಲ್ ಸ್ವಿಚ್, ಬ್ರೇಕ್ ಸ್ವಿಚ್, ನ್ಯೂಟ್ರಲ್ ಸ್ವಿಚ್ ನೋಡಿ.

ಬ್ರೇಕ್ ಸ್ವಿಚ್ ವಿಷಯಕ್ಕೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬ್ರೇಕ್ ಹಿಡಿದರೆ ಮಾತ್ರ ಸೆಲ್ಫ್ ಹೊಡೆಯುವ ಹಾಗೆ ಈ ಗಾಡಿಗಳನ್ನು ಮಾಡಿರುತ್ತಾರೆ. ಸ್ವಿಚ್ ಕೆಟ್ಟಾಗ ಎರಡು ವೈರ್ ಸೇರಿಸಿ ಟೇಪ್ ಸುತ್ತಿ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮಲ್ಲಿ ಓಡಿಸೋದು ಬಂದ ಅತಿಥಿಗಳು, ಅವರ ಮಕ್ಕಳು. ಗೇರ್ ಎಲ್ಲಿದೆ, ಬ್ರೇಕ್ ಎಲ್ಲಿದೆ ಅಂತ ಗೊತ್ತಿಲ್ಲದವರು. ದಯವಿಟ್ಟು ಹಾಗೆ ಮಾಡಿಸಬೇಡಿ. ಈಗಾಗಲೇ ಸೇರಿಸಿದ್ದರೆ ಬಿಚ್ಚಿಸಿ ಹೊಸ ಸ್ವಿಚ್ ಹಾಕಿಸಿ. ಎಳೆದರೆ ಇಂಜಿನ್ ಬಂದ್ ಆಗುವ ಬೆನ್ನ ಹಿಂದಿನ ಕಿಲ್ ದಾರ, ಹೆಲ್ಮೆಟ್ ಇದ್ದೇ ಇರಲಿ. ಟ್ರಯಲ್‌ಗೂ ತೋಟದ ಗೇಟ್ ದಾಟಬೇಡಿ, ಇಂಥ ಗಾಡಿಗಳು ರಸ್ತೆಗೆ ರಿಜಿಸ್ಟರ್ ಆಗಿರುವುದಿಲ್ಲ.

ಗಾಡಿ ಸ್ಟಾರ್ಟ್ ಆದ ಮೇಲೆ ಮೀಟರ್ ಒಳಗಿಡೋ ಮೊದಲು ಇನ್ನೊಂದು ಸಲ ಬ್ಯಾಟರಿ ಕಂಬಕ್ಕೆ ಹಿಡಿಯಿರಿ. ಸ್ವಲ್ಪ ಆ್ಯಕ್ಸಿಲರೇಟರ್ ಕೊಟ್ಟಾಗ 13.5ರಿಂದ 14.5 ಬರಬೇಕು. 12ರಲ್ಲೇ ನಿಂತರೆ ಚಾರ್ಜಿಂಗ್ ಇಲ್ಲ, ಹೊಸ ಬ್ಯಾಟರಿಯೂ ಬೇಗ ಖಾಲಿ. ನಿಮ್ಮಲ್ಲಿ ಒಂದೊಂದು ಸುತ್ತಿಗೂ ಬಂದ್ ಮಾಡಿ ಮತ್ತೆ ಸೆಲ್ಫ್ ಹೊಡೆಯುತ್ತಾರೆ, ನಡುವೆ ಬ್ಯಾಟರಿ ತುಂಬೋಕೆ ಪುರುಸೊತ್ತೇ ಇರುವುದಿಲ್ಲ. ವಾರಕ್ಕೊಂದು ಸಲ ರಾತ್ರಿ ಚಿಕ್ಕ ಚಾರ್ಜರ್‌ಗೆ ಹಾಕಿದರೆ ಒಳ್ಳೇದು.

ಮುಂದಿನ ಮಳೆಗಾಲಕ್ಕೆ ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬೊರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಒಳಗಿನ ಪೆಟ್ರೋಲ್ ಪೂರ್ತಿ ಬಸಿದುಬಿಡಿ. ಈಗ ಬಂಕ್‌ನಲ್ಲಿ ಸಿಗೋದು ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ತೇವ ಹೀರುತ್ತದೆ, ಗೋವಾದ ಜುಲೈ ತಿಂಗಳಲ್ಲಿ ತೇವಕ್ಕೇನೂ ಕೊರತೆ ಇಲ್ಲ. ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಕೆಸರು ತೊಳೆಯುವಾಗ ಪ್ರೆಶರ್ ನೀರನ್ನು ಹ್ಯಾಂಡಲ್ ಸ್ವಿಚ್, ರಿಲೇ, ಸೆಲ್ಫ್ ಮೋಟರ್ ಮೇಲೆ ನೇರ ಬಿಡಬೇಡಿ.

ಸದ್ಯಕ್ಕೆ ಆಯಿಲ್ ನೋಡಿ, ಪ್ಲಗ್ ಬಿಚ್ಚಿ ತಿರುಗಿಸಿ. ಆಮೇಲೆ ಬಟನ್ ಒತ್ತಿದಾಗಿನ ಮೂರು ರೀಡಿಂಗ್ ಬರೆದು ಕಳಿಸಿ: ಬ್ಯಾಟರಿಯದ್ದು, ಪ್ಲಸ್ ಕಡೆಯದ್ದು, ಅರ್ಥ್ ಕಡೆಯದ್ದು. ಮೋಟರ್ ಬೇಕೋ ಬೇಡವೋ ಅಂತ ಆಗ ಖಚಿತವಾಗಿ ಹೇಳುತ್ತೇನೆ.